ಹೆಸರು ಅಂಗಡಿಯದು, ಸರಕು ಯಾರದು?

ಒಂದೇ ಹಸುವಿನ ಹಾಲು ಹತ್ತು ಮನೆಯ ಚರಿಗೆಗಳಲ್ಲಿ ಹೋಗಬಹುದು. ಚರಿಗೆಯ ಅಂದವನ್ನು ನೋಡಿ ಹಾಲಿನ ಗುಣವನ್ನು ಹೇಳಲಾಗದು. ಮೋಟಾರು ಗಾಡಿಗಳ ಬ್ಯಾಟರಿಯ ವಿಷಯದಲ್ಲಿಯೂ ಈ ಮಾತು ಸಲ್ಲುವದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ಕಾರೋ, ಜೀಪೋ, ಟ್ರ್ಯಾಕ್ಟರೋ ಇರುವ ಮನೆಗಳು ಈಗ ಅಪರೂಪವಲ್ಲ. ಮುಂಜಾನೆ ಗಾಡಿ ಚಾಲೂ ಆಗಲಿಲ್ಲವೆಂದರೆ ದವಾಖಾನೆಗೆ ಹೊರಟವರೂ ಪೇಟೆಗೆ ನಿಂಬೆಹಣ್ಣು ಸಾಗಿಸುವವರೂ ಬಾಗಿಲಲ್ಲಿಯೇ ನಿಲ್ಲಬೇಕು. ಮನೆಯ ಹಿರಿಯರು ಅವಸರದಿಂದ ಅಂಗಡಿಗೆ ಹೋದರೆ, ಅಲ್ಲಿ ನಾಲ್ಕಾರು ಹೆಸರಿನ ಬ್ಯಾಟರಿಗಳು. ಬೆಲೆಗಳಲ್ಲಿಯೂ ಸಾಕಷ್ಟು ಅಂತರ. ಇವುಗಳನ್ನು ನಿಜವಾಗಿ ಮಾಡಿದವರು ಯಾರು? ಈ ಪ್ರಶ್ನೆಯನ್ನೇ ಈ ತಿಂಗಳು ನಾವು ವಾಚಕರ ಮುಂದಿಡುತ್ತೇವೆ.

ಹೆಸರುಗಳು ಹಲವು, ದೊಡ್ಡ ಕಾರ್ಖಾನೆದಾರರು ಕೆಲವರೇ. ೧೯೪೭ರಲ್ಲಿ ಬೇರೊಂದು ಹೆಸರಿನಿಂದ ಸ್ಥಾಪಿತವಾದ ಕಲಕತ್ತೆಯ ಒಂದು ಸಂಸ್ಥೆಯು ೧೯೯೫ರಿಂದ ಎಕ್ಸೈಡ್ ಇಂಡಸ್ಟ್ರೀಸ್ ಎಂದು ಕರೆಯಿಸಿಕೊಳ್ಳುತ್ತಿದೆ. ೧೯೯೮ರಲ್ಲಿ ಅದು ಸ್ಟ್ಯಾಂಡರ್ಡ್ ಬ್ಯಾಟರೀಸ್ ಎಂಬ ಎದುರಾಳಿಯ ಕಾರ್ಖಾನೆಗಳನ್ನೂ ಕೊಂಡಿತು. ಇಂದು ಎಕ್ಸೈಡ್ ಎಂಬದೂ ಎಸ್‌ಎಫ್ ಸೋನಿಕ್ ಎಂಬದೂ ಇದೇ ಸಂಸ್ಥೆಯ ಸರಕು. ತಿರುಪತಿಯ ಅಮರ ರಾಜ ಸಂಸ್ಥೆಯು ೧೯೮೫ರಲ್ಲಿ ಹುಟ್ಟಿತು. ೨೦೦೦ದಲ್ಲಿ ಅಮರಾನ್ ಎಂಬ ಹೆಸರನ್ನು ಪೇಟೆಗೆ ತಂದಿತು. ಸಣ್ಣ ಊರು ಹಳ್ಳಿಗಳ ಗಿರಾಕಿಗಳನ್ನು ಉದ್ದೇಶಿಸಿ ಹೊರಟ ಪವರ್‌ಝೋನ್ ಎಂಬದೂ ಅದರದೇ. ಆದುದರಿಂದ ಒಂದೇ ಅಂಗಡಿಯಲ್ಲಿ ಪರಸ್ಪರ ಪೈಪೋಟಿ ನಡೆಸುವಂತೆ ಕಾಣುವ ಎರಡು ಹೆಸರುಗಳು ಒಬ್ಬ ತಾಯಿಯ ಮಕ್ಕಳಾಗಿರುವದುಂಟು.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಅಮೇರಿಕೆಯಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿಯು ೧೯೬೭ರಲ್ಲಿ ಡೈಹಾರ್ಡ್ ಎಂಬ ತನ್ನದೇ ಹೆಸರಿನ ಬ್ಯಾಟರಿಯನ್ನು ಮಾರತೊಡಗಿತು. ಅದನ್ನು ಮಾಡಿಕೊಟ್ಟವರು ಮಿಲ್ವಾಕಿ ಪಟ್ಟಣದ ಗ್ಲೋಬ್-ಯೂನಿಯನ್ ಎಂಬವರು. ಆ ಸಂಸ್ಥೆಯನ್ನು ೧೯೭೮ರಲ್ಲಿ ಜಾನ್ಸನ್ ಕಂಟ್ರೋಲ್ಸ್ ಕೊಂಡಿತು. ಅದರ ಬ್ಯಾಟರಿಯ ವ್ಯವಹಾರವು ೨೦೧೯ರಲ್ಲಿ ಬೇರೆಯವರ ಕೈಸೇರಿ ಕ್ಲಾರಿಯೋಸ್ ಎಂದಾಯಿತು. ಇದೇ ಜಾನ್ಸನ್ ಕಂಟ್ರೋಲ್ಸ್ ೧೯೯೭ರಿಂದ ೨೦೧೯ರ ವರೆಗೆ ತಿರುಪತಿಯ ಸಂಸ್ಥೆಯಲ್ಲಿಯೂ ಪಾಲುದಾರನಾಗಿತ್ತು.

ಹಾಗಾದರೆ ಅಗ್ಗದ ಹೆಸರನ್ನೇ ಕೊಳ್ಳಬಹುದೇ? ಇಲ್ಲಿ ಸ್ವಲ್ಪ ವಿವೇಕ ಬೇಕು. ಒಂದೇ ಕೈ ದಿನದ ರೊಟ್ಟಿಯನ್ನೂ ಹಬ್ಬದ ಹೋಳಿಗೆಯನ್ನೂ ಮಾಡುವದು. ಕೈ ಒಂದೇ ಎಂದು ಎರಡೂ ಒಂದಾಗಲಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿಯೊಳಗೆ ಆರು ಮನೆಗಳಿದ್ದು, ಪ್ರತಿಯೊಂದರಲ್ಲಿ ಸೀಸದ ಪ್ಲೇಟುಗಳು ಆಮ್ಲದಲ್ಲಿ ಮುಳುಗಿರುತ್ತವೆ. ಪ್ಲೇಟುಗಳ ದಪ್ಪವನ್ನೂ ಸಂಖ್ಯೆಯನ್ನೂ ಬೆಲೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಲು ಬರುವದು. ಆದಕಾರಣ ಹೆಸರನ್ನು ಬಿಟ್ಟು ಆಂಪಿಯರ್-ಅವರ್ ಅಳತೆಯನ್ನೂ ತೂಕವನ್ನೂ ಭರವಸೆಯ ಅವಧಿಯನ್ನೂ ಹೋಲಿಸಿ ನೋಡಬೇಕು. ೩೬ ತಿಂಗಳ ಭರವಸೆಯೆಂದು ಬರೆದಲ್ಲಿ, ಮೊದಲ ೧೮ ತಿಂಗಳು ಪುಕ್ಕಟೆ ಬದಲಿ, ಉಳಿದ ೧೮ ತಿಂಗಳು ಬೆಲೆಯಲ್ಲಿ ರಿಯಾಯಿತಿ ಮಾತ್ರ, ಎಂಬಂಥ ವಿಂಗಡಣೆ ಇರುವದುಂಟು. ಅದನ್ನು ಮೊದಲೇ ಕೇಳಿಕೊಳ್ಳುವದು ಲೇಸು.

ತಯಾರಾದ ತಿಂಗಳನ್ನೂ ನೋಡತಕ್ಕದ್ದು. ಬ್ಯಾಟರಿಯು ಕುಳಿತಲ್ಲಿಯೇ ಮೆಲ್ಲಮೆಲ್ಲನೆ ಶಕ್ತಿಗುಂದುವದು. ಬಿಸಿಲು ಹೆಚ್ಚಿದಂತೆ ಆ ಕ್ಷಯವೂ ಹೆಚ್ಚುವದು. ಬೇಸಿಗೆಯಲ್ಲಿ ೪೦ ಅಂಶಗಳನ್ನು ದಾಟುವ ನಮ್ಮ ವಿಜಯಪುರ ಸೀಮೆಯಲ್ಲಿ ಬಹುಕಾಲ ಅಂಗಡಿಯಲ್ಲಿ ಬಿದ್ದ ಸರಕು, ಅದು ಎಷ್ಟೇ ದೊಡ್ಡ ಹೆಸರಿನದಿರಲಿ, ಹೊಸದೆನಿಸದು.

ಮಾಡಿದವರ ಹೆಸರನ್ನು ತಿಳಿಯುವದು ಕಷ್ಟದ ಮಾತಲ್ಲ. ೨೦೧೧ರ ತೂಕ-ಅಳತೆಯ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ತಯಾರಿಸಿದವರ ಇಲ್ಲವೆ ಆಮದು ಮಾಡಿದವರ ಹೆಸರು, ವಿಳಾಸಗಳಿರಬೇಕು. ‘ತಯಾರಿಸಿದವರು’ ಎಂಬ ಸಾಲು ಬೇರೆ, ‘ಮಾರಾಟ ಮಾಡುವವರು’ ಎಂಬ ಸಾಲು ಬೇರೆ; ದೊಡ್ಡ ಅಕ್ಷರಗಳನ್ನು ಬಿಟ್ಟು ಈ ಸಣ್ಣ ಅಕ್ಷರಗಳನ್ನು ಓದಬೇಕು. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಅವಳನ್ನು ಜೊತೆಗೆ ಕರೆದೊಯ್ದರೂ ಆದೀತು.

ಯಾರ ವಿಳಾಸವೂ ಇಲ್ಲದ ಬ್ಯಾಟರಿಯನ್ನು ಅಗ್ಗವೆಂದು ತರುವದು ಮಾತ್ರ ಹಿತವಲ್ಲ. ಅದು ಕೆಟ್ಟರೆ ಕೇಳುವದು ಯಾರನ್ನು? ಹಳೆಯದಾದ ಮೇಲೆ ಒಪ್ಪಿಸುವದು ಯಾರಿಗೆ? ಹಳೆಯ ಬ್ಯಾಟರಿಗಳನ್ನು ತಿರುಗಿ ಪಡೆದು ಸರಿಯಾಗಿ ಕರಗಿಸುವ ಹೊಣೆಯನ್ನು ೨೦೨೨ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಹಿತ್ತಲಲ್ಲಿ ಒಡೆದು ಸೀಸ ತೆಗೆಯುವಲ್ಲಿ ಅದರ ಧೂಳು ಮಣ್ಣಿಗೆ ಸೇರಿ, ಆಡುವ ಕೂಸುಗಳ ಕೈಯಿಂದ ಬಾಯಿಗೆ ಹೋಗುವದು. ಚಿಕ್ಕ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಸೀಸದಂಥ ವೈರಿಗಳು ಕೆಲವೇ. ಹಳೆಯದನ್ನು ಅಂಗಡಿಗೇ ಕೊಟ್ಟು ಹೊಸದರ ಬೆಲೆಯಲ್ಲಿ ವಜಾ ಮಾಡಿಸಿಕೊಳ್ಳುವದೇ ಸರಿಯಾದ ದಾರಿ.

ಅಂಗಡಿಕಾರರನ್ನು ಸಂಶಯಿಸಿರೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ವ್ಯಾಪಾರಿಯು ಕೇಳಿದವರಿಗೆ ಸಂತೋಷದಿಂದಲೇ ತೋರಿಸುವನು. ಹೆಸರಿಗೆ ಹಣ ಕೊಡುವ ಮೊದಲು, ಆ ಹೆಸರಿನ ಹಿಂದೆ ಹೊಣೆ ಹೊರುವವರು ಯಾರೆಂಬದನ್ನು ಅರಿತುಕೊಂಡರೆ ಸಾಕು.