ಗಾಡಿಯ ಗುಣ ಬದಲಿಸುವ ಮುನ್ನ ನೋಟೀಸು ಕೊಡಲಿ

ಗೋಕಾಕ, ಮೂಡಲಗಿ, ಹುಕ್ಕೇರಿಯ ಪೇಟೆಗಳಲ್ಲಿ ಸಾಲ ಮಾಡಿ ಗಾಡಿ ಕೊಂಡ ಸಣ್ಣ ವ್ಯಾಪಾರಸ್ಥರಿಗೆ ಈಗ ಶೋರೂಮಿನಲ್ಲಿ ಒಂದು ಹೊಸ ಮಾತು ಕೇಳಿಬರುತ್ತದೆ: “ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ.” ಒಂದು ಬೋಲ್ಟೂ ಬದಲಾಗಿರುವುದಿಲ್ಲ. ಆದರೂ ಏರಿನಲ್ಲಿ ಗಾಡಿಯ ಎಳೆತ, ಗೇರು ಬೀಳುವ ಹೊತ್ತು, ಡೀಸೆಲ್ಲಿನ ಅವರೇಜು ಬೇರೆಯಾಗಿರಬಹುದು. ಇದನ್ನು ಚಾಲಕನ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ.

ಇಂದಿನ ಎಂಜಿನ್ನು ಒಂದು ಸಣ್ಣ ಕಂಪ್ಯೂಟರಿನ ಆಜ್ಞೆಯಂತೆ ನಡೆಯುತ್ತದೆ. ಎಷ್ಟು ಡೀಸೆಲನ್ನು ಯಾವ ಕ್ಷಣದಲ್ಲಿ ಸಿಂಪಡಿಸಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು, ಹೊಗೆಯ ಎಷ್ಟು ಪಾಲನ್ನು ಮರಳಿ ಎಂಜಿನ್ನಿಗೆ ಕಳಿಸಬೇಕು ಎಂಬ ಅಂಕಿಗಳು ಅದರಲ್ಲಿರುತ್ತವೆ. ತಾನಾಗಿ ಗೇರು ಬದಲಿಸುವ ಗಾಡಿಗಳಲ್ಲಿ ಯಾವ ವೇಗಕ್ಕೆ ಯಾವ ಗೇರು, ಕ್ಲಚ್ಚಿನ ಹಿಡಿತ ಎಷ್ಟು ಎಂಬುದನ್ನೂ ಕಂಪ್ಯೂಟರೇ ನಿರ್ಧರಿಸುತ್ತದೆ. ಆ ಅಂಕಿಗಳನ್ನು ತಿದ್ದಿದರೆ ಗಾಡಿಯ ನಡತೆಯನ್ನೇ ತಿದ್ದಿದಂತೆ. ಇಷ್ಟೇ ಅಲ್ಲ. ಕ್ಲಚ್ಚು ಸವೆದಂತೆಲ್ಲ ಅದಕ್ಕೆ ಹೊಂದಿಕೊಳ್ಳುವುದನ್ನು ಇಂಥ ಕಂಪ್ಯೂಟರು ಕಲಿತಿರುತ್ತದೆ. ಅಪ್‌ಡೇಟ್ ವೇಳೆ ಆ ಕಲಿಕೆ ಅಳಿಸಿಹೋದರೆ, ಮತ್ತೆ ಕಲಿಯುವತನಕ ಗಾಡಿ ಜಗ್ಗುತ್ತದೆ, ತಡವರಿಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಬಡಪಾಯಿ ಮಾಲಿಕ ಸುಮ್ಮನೆ ಕ್ಲಚ್ ಪ್ಲೇಟಿಗೆ ದುಡ್ಡು ಸುರಿಯುತ್ತಾನೆ.

ಅಪ್‌ಡೇಟ್ ಎಂಬುದೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಎಂಜಿನ್ ಬಿಚ್ಚದೆಯೇ ಎಷ್ಟೋ ದೋಷಗಳನ್ನು ಇದರಿಂದ ನಿವಾರಿಸಬಹುದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದಂತೆ ಹೊಗೆ ತಗ್ಗಿಸಲು ಕಂಪ್ಯೂಟರಿನ ನೆರವು ಬೇಕೇ ಬೇಕು. ಆದರೆ ಅದೇ ಸಾಫ್ಟ್‌ವೇರ್ ಏನನ್ನು ಮುಚ್ಚಿಡಬಲ್ಲದೆಂಬುದನ್ನು ಜಗತ್ತು 2015ರಲ್ಲಿ ಕಂಡಿತು. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆಯ ವಿಷ ತಗ್ಗಿಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ಕಂಪನಿ ಸುಮಾರು 1.1 ಕೋಟಿ ಡೀಸೆಲ್ ಗಾಡಿಗಳಲ್ಲಿ ಇಟ್ಟಿದ್ದುದು ಬಯಲಾಯಿತು. ಭಾರತದಲ್ಲಿಯೂ ಸುಮಾರು 3.23 ಲಕ್ಷ ಗಾಡಿಗಳನ್ನು ಸಾಫ್ಟ್‌ವೇರ್ ತಿದ್ದಲು ಹಿಂದಕ್ಕೆ ಕರೆಯುವುದಾಗಿ ಅದೇ ಡಿಸೆಂಬರಿನಲ್ಲಿ ಕಂಪನಿ ಸಾರಿತು. ತಿದ್ದಿದ ಮೇಲೆ ಎಳೆತ ಕುಗ್ಗಿತು, ಡೀಸೆಲ್ ಹೆಚ್ಚು ಹೋಗುತ್ತದೆ ಎಂದು ಯುರೋಪಿನ ಅನೇಕ ಮಾಲಿಕರು ದೂರಿದರು.

ನಮ್ಮೂರ ಮಿಸ್ತ್ರಿಯ ಪಾಡೇನು? ಕಿವಿಗೊಟ್ಟು ಎಂಜಿನ್ನಿನ ರೋಗ ಹೇಳಬಲ್ಲ ಕಸಬುದಾರನೂ ಕಂಪನಿಯ ಉಪಕರಣವಿಲ್ಲದೆ ಈ ಕಂಪ್ಯೂಟರಿನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದೆ. ಬಿಡಿಭಾಗ, ತಪಾಸಣೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಯ ಮೆಟ್ಟಿಲು ಹತ್ತಿದವು.

ಗಿರಣಿ ಕಾರ್ಮಿಕರಿಗೆ ಈ ನ್ಯಾಯ ಹೊಸದಲ್ಲ. ಪಾಳಿ, ರಜೆ, ಕೆಲಸದ ತಾಸುಗಳನ್ನು ಬದಲಿಸುವ ಮುನ್ನ ಗಿರಣಿ ಮಾಲಿಕನು 21 ದಿನದ ನೋಟೀಸು ಕೊಡಬೇಕೆಂಬ ಕಲಮು 1956ರ ತಿದ್ದುಪಡಿಯಿಂದ ಕೈಗಾರಿಕಾ ವಿವಾದ ಕಾಯಿದೆಗೆ ಸೇರಿತು. ದುಡಿಯುವವನ ಬದುಕಿಗೆ ತಟ್ಟುವ ಬದಲಾವಣೆಯನ್ನು ಅವನಿಗೆ ತಿಳಿಸದೆ ಮಾಡಕೂಡದು ಎಂಬುದೇ ಅದರ ತಿರುಳು. ಬಾಡಿಗೆ ಗಾಡಿಯ ಮೇಲೆ ಹೊಟ್ಟೆ ಹೊರೆಯುವವನಿಗೆ ಅದೇ ನ್ಯಾಯ ಏಕೆ ಸಲ್ಲಬಾರದು?

ಆದಕಾರಣ ನಮ್ಮ ಬೇಡಿಕೆ ಇಷ್ಟು: ಅಪ್‌ಡೇಟ್ ಮಾಡುವ ಮುನ್ನ ಎಂಜಿನ್ನಿನಲ್ಲಿ, ಗೇರಿನಲ್ಲಿ ಏನು ಬದಲಾಗುವುದೆಂದು ಕನ್ನಡದಲ್ಲಿ ಬರೆದುಕೊಟ್ಟು ಮಾಲಿಕನ ಒಪ್ಪಿಗೆ ಪಡೆಯಬೇಕು. ಅದರಿಂದ ತೊಂದರೆಯಾದರೆ ಖರ್ಚಿಲ್ಲದೆ ಸರಿಪಡಿಸಬೇಕು. ತಪಾಸಣೆಯ ಉಪಕರಣ ಮತ್ತು ಮಾಹಿತಿ ನ್ಯಾಯವಾದ ಬೆಲೆಗೆ ಊರಿನ ಗ್ಯಾರೇಜಿಗೂ ದೊರೆಯಬೇಕು.

ಕಾನೂನು ಬರುವತನಕ ಕೈಕಟ್ಟಿ ಕೂಡ್ರುವುದು ಬೇಡ. ಸರ್ವಿಸಿಗೆ ಬಿಡುವಾಗ, ಕೇಳದೆ ಅಪ್‌ಡೇಟ್ ಮಾಡಬಾರದೆಂದು ಜಾಬ್ ಕಾರ್ಡಿನಲ್ಲಿ ಬರೆಯಿಸಿರಿ. ಮಾಡಿದ್ದರೆ ಹಳೆಯ, ಹೊಸ ಸಾಫ್ಟ್‌ವೇರಿನ ನಂಬರು ಕೇಳಿ ಪಡೆಯಿರಿ. ಮುಂಚಿನ ಮತ್ತು ಆಮೇಲಿನ ಅವರೇಜು ಗುರುತು ಹಾಕಿಡಿರಿ. ಶೋರೂಮು ಕಿವಿಗೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಬೆಳಗಾವಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಒಬ್ಬನೇ ಹೋದರೆ ಸಾಗಹಾಕುತ್ತಾರೆ. ಮೂರು ತಾಲೂಕುಗಳ ಗಾಡಿ ಮಾಲಿಕರು, ಚಾಲಕರು, ಮಿಸ್ತ್ರಿಗಳು ಕೂಡಿ ಹೋದರೆ ಉತ್ತರ ಕೊಡಲೇಬೇಕಾಗುತ್ತದೆ.