ಅಂತರಜಾಲದ ಕೃಷಿ ಮಾಹಿತಿ: ಸಿಂಪರಣೆಗೆ ಮುನ್ನ ಪರಿಶೀಲಿಸಬೇಕಾದದ್ದು

ಬೆಳೆಯಲ್ಲಿ ಹುಳು ಅಥವಾ ರೋಗ ಕಾಣಿಸಿಕೊಂಡಾಗ ರೈತರು ಮೊದಲು ನೆರೆಹೊಲದವರನ್ನು, ನಂತರ ಔಷಧಿ ಅಂಗಡಿಯವರನ್ನು ವಿಚಾರಿಸುವುದು ರೂಢಿಯಾಗಿತ್ತು. ಈಗ ಆ ಇಬ್ಬರಿಗಿಂತ ಮೊದಲು ಮೊಬೈಲ್ ಉತ್ತರಿಸುತ್ತಿದೆ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕನ್ನಡದಲ್ಲೇ ಪ್ರಮಾಣಸಹಿತ ಸಲಹೆ ನೀಡುತ್ತಿವೆ. ಉತ್ತರ ಶೀಘ್ರವಾಗಿ ದೊರೆಯುವುದು ಸ್ವಾಗತಾರ್ಹವೇ. ಆದರೆ ಆ ಉತ್ತರ ಯಾವ ದೇಶದ, ಯಾವ ವರ್ಷದ, ಯಾವ ಬೆಳೆಯ ಕುರಿತದ್ದು ಎಂಬುದು ಅನೇಕ ವೇಳೆ ಪರದೆಯ ಮೇಲೆ ಕಾಣುವುದಿಲ್ಲ.

ಫಾಲ್ ಸೈನಿಕ ಹುಳುವಿನ ಉದಾಹರಣೆಯನ್ನು ಗಮನಿಸಬಹುದು. ಅಮೆರಿಕ ಖಂಡ ಮೂಲದ ಈ ಕೀಟವು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಶಿವಮೊಗ್ಗ ಭಾಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಸ್ಥಳೀಯ ಸಂಶೋಧನಾ ಮಾಹಿತಿ ಇನ್ನೂ ಸಿದ್ಧವಾಗದ ಆ ದಿನಗಳಲ್ಲಿ ಅಂತರಜಾಲವು ಒಂದು ಕೆಲಸವನ್ನು ಸಮರ್ಪಕವಾಗಿ ಮಾಡಬಲ್ಲದಾಗಿತ್ತು, ಅದು ಕೀಟದ ಗುರುತಿಸುವಿಕೆ. ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ತಿಳಿ ಬಣ್ಣದ ಗುರುತು ಮತ್ತು ದೇಹದ ಹಿಂತುದಿಯ ಬಳಿ ಚೌಕಾಕಾರದಲ್ಲಿರುವ ನಾಲ್ಕು ಕಪ್ಪು ಚುಕ್ಕೆಗಳನ್ನು ಯಾವ ದೇಶದ ಛಾಯಾಚಿತ್ರದಿಂದಲಾದರೂ ಕಲಿಯಬಹುದು. ಹುಳು ಎಲ್ಲಿದ್ದರೂ ಅದೇ ಹುಳು.

ನಿಯಂತ್ರಣ ಕ್ರಮಗಳ ವಿಷಯ ಹಾಗಲ್ಲ. ಅಮೆರಿಕದ ಪುಟಗಳು ಬಿಟಿ ಮೆಕ್ಕೆಜೋಳವನ್ನು ಆಧಾರವಾಗಿಟ್ಟುಕೊಂಡು ಸಲಹೆ ನೀಡುತ್ತವೆ. ನಮ್ಮಲ್ಲಿ ಅನುಮತಿ ಪಡೆದು ವಾಣಿಜ್ಯವಾಗಿ ಬೆಳೆಯಲಾಗುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಮಾತ್ರ. ಅಲ್ಲಿನ ಪ್ರಮಾಣಗಳು ಔನ್ಸ್ ಮತ್ತು ಗ್ಯಾಲನ್ ಲೆಕ್ಕದಲ್ಲಿರುತ್ತವೆ. ಒಂದು ದ್ರವ ಔನ್ಸ್ ಎಂದರೆ ಸುಮಾರು 30 ಮಿ.ಲೀ., ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಈ ಲೆಕ್ಕವನ್ನು ಸರಿಯಾಗಿ ಮಾಡಿದರೂ, ಅಲ್ಲಿನ ಕೀಟನಾಶಕದ ಶೇಕಡಾ ಸಾಮರ್ಥ್ಯ ನಮ್ಮ ಅಂಗಡಿಯ ಡಬ್ಬಿಯದಕ್ಕಿಂತ ಬೇರೆಯಾಗಿದ್ದರೆ ಪ್ರಮಾಣ ತಪ್ಪುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ಹೆಸರಿನ ಗೊಂದಲ. ಇಂಗ್ಲಿಷಿನ ‘ಕಾರ್ನ್’ ಪದವು ಯಂತ್ರಾನುವಾದದಲ್ಲಿ ಕೆಲವೊಮ್ಮೆ ಬರಿಯ ‘ಜೋಳ’ ಎಂದಾಗಿಬಿಡುತ್ತದೆ. ಹಳೆ ಮೈಸೂರು ಭಾಗದ ಮುಸುಕಿನ ಜೋಳ, ಉತ್ತರ ಕರ್ನಾಟಕದ ಗೋವಿನಜೋಳ ಎರಡೂ ಮೆಕ್ಕೆಜೋಳವೇ. ಆದರೆ ವಿಜಯಪುರ, ಕಲಬುರಗಿಯ ರೈತರಿಗೆ ಜೋಳವೆಂದರೆ ರೊಟ್ಟಿಯ ಜೋಳ. ಕೀಟನಾಶಕದ ವಿಷಯದಲ್ಲಿ ಈ ಗೊಂದಲದಿಂದ ಹಣ ವ್ಯರ್ಥವಾಗಬಹುದು. ಕಳೆನಾಶಕದ ವಿಷಯದಲ್ಲಿ ಬೆಳೆಯೇ ನಾಶವಾಗಬಹುದು. ಟೆಂಬೊಟ್ರಿಯಾನ್ ಮತ್ತು ಟೊಪ್ರಮೆಜೋನ್ ಮೆಕ್ಕೆಜೋಳದಲ್ಲಿ ಬಳಸುವ ಕಳೆನಾಶಕಗಳು. ಮೆಕ್ಕೆಜೋಳವು ಇವನ್ನು ತಾಳಿಕೊಳ್ಳುತ್ತದೆ. ರೊಟ್ಟಿಯ ಜೋಳದ ಮೇಲೆ ಇವನ್ನೇ ಸಿಂಪಡಿಸಿದರೆ ಎಲೆಗಳು ಬಿಳಚಿಕೊಂಡು ಪೈರು ಕುಂಠಿತವಾಗುತ್ತದೆ. ‘ಜೋಳದ ಕಳೆಗೆ ಉತ್ತಮ ಔಷಧ’ ಎಂಬ ಶೀರ್ಷಿಕೆಯನ್ನಷ್ಟೇ ನಂಬಿದವರಿಗೆ ಈ ವ್ಯತ್ಯಾಸ ತಿಳಿಯುವುದು ಸಿಂಪರಣೆಯಾದ ಕೆಲವು ದಿನಗಳ ನಂತರ.

ಮಾಹಿತಿಯ ದಿನಾಂಕವೂ ಅಷ್ಟೇ ಮುಖ್ಯ. ಎಂಡೋಸಲ್ಫಾನ್ ಬಳಕೆಗೆ ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ತಡೆ ನೀಡಿತು. ಫೋರೇಟ್, ಡೈಕ್ಲೋರ್ವಾಸ್ ಮತ್ತು ಟ್ರೈಜೋಫಾಸ್‌ಗಳು, 2018ರ ಕೇಂದ್ರ ಸರ್ಕಾರದ ಆದೇಶದಂತೆ, 2020ರ ಡಿಸೆಂಬರ್ 31ರಿಂದ ನಿಷೇಧಗೊಂಡಿವೆ. ಆದರೆ ಹಳೆಯ ಪುಟಗಳು ಅಳಿಸಿಹೋಗುವುದಿಲ್ಲ. ಬಾಳೆ, ಶುಂಠಿ ಬೆಳೆಗಳಿಗೆ ಫೋರೇಟ್ ಹರಳು ಹಾಕಿ ಎನ್ನುವ ಸಲಹೆ ಹುಡುಕಿದವರಿಗೆ ಇಂದಿಗೂ ಸಿಗಬಹುದು. ಆ ಸಲಹೆ ಬರೆದ ಕಾಲಕ್ಕೆ ಸರಿಯಾಗಿಯೇ ಇದ್ದಿರಬಹುದು; ದಿನಾಂಕ ನೋಡದೆ ಇಂದು ಅನುಸರಿಸುವುದು ಸರಿಯಲ್ಲ.

ಪರಿಶೀಲನೆಯ ಮಾರ್ಗ ಕಷ್ಟಕರವೇನಲ್ಲ. ಫರೀದಾಬಾದಿನ ಸಸ್ಯ ಸಂರಕ್ಷಣೆ, ಸಂಗರೋಧ ಮತ್ತು ಸಂಗ್ರಹಣಾ ನಿರ್ದೇಶನಾಲಯದ ಜಾಲತಾಣದಲ್ಲಿ, ನೋಂದಾಯಿತ ಪೀಡೆನಾಶಕಗಳನ್ನು ಯಾವ ಬೆಳೆಗೆ, ಯಾವ ಪೀಡೆಗೆ, ಎಷ್ಟು ಪ್ರಮಾಣದಲ್ಲಿ ಬಳಸಬಹುದು ಎಂಬ ಪಟ್ಟಿಗಳಿವೆ. ಕೊಯ್ಲಿಗೆ ಎಷ್ಟು ದಿನ ಮೊದಲು ಸಿಂಪರಣೆ ನಿಲ್ಲಿಸಬೇಕೆಂಬುದೂ ಅಲ್ಲಿದೆ. ಈ ಪಟ್ಟಿಗಳು ಇಂಗ್ಲಿಷಿನಲ್ಲಿರುವುದು ಒಂದು ಕೊರತೆಯೇ ಸರಿ. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ತಮ್ಮ ಹೋಬಳಿಯ ಮುಖ್ಯ ಬೆಳೆಗಳಿಗೆ ಸಂಬಂಧಿಸಿದ ಭಾಗವನ್ನಾದರೂ ಇಳಿಸಿಕೊಂಡು ಕನ್ನಡದಲ್ಲಿ ವಿವರಿಸುವುದು ಸೂಕ್ತ. ಡಬ್ಬಿಯ ಜೊತೆಗೆ ಬರುವ ಕರಪತ್ರದಲ್ಲಿ ತಮ್ಮ ಬೆಳೆಯ ಹೆಸರು ಇಲ್ಲದಿದ್ದರೆ, ವಿಡಿಯೊದಲ್ಲಿ ಯಾರು ಏನೇ ಹೇಳಿದ್ದರೂ ರೈತರು ಸಿಂಪರಣೆಯನ್ನು ತಡೆಹಿಡಿಯಬೇಕು. ಔಷಧ ಮಾರುವವರೇ ವಿಡಿಯೊ ತಯಾರಿಸುವುದೂ ಉಂಟು.

ಮಾರುಕಟ್ಟೆ ಧಾರಣೆಗೂ ಒಂದು ಮಾತು ಅನ್ವಯಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದು ಸಾಮಾನ್ಯವಾಗಿ ಆ ದಿನದ ಗರಿಷ್ಠ ಬೆಲೆ. ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಕನಿಷ್ಠ ಮತ್ತು ಗರಿಷ್ಠ ಬೆಲೆಗಳ ಜೊತೆಗೆ ಮಾದರಿ ಬೆಲೆಯೂ ಇರುತ್ತದೆ. ಲಾರಿ ಗೊತ್ತುಮಾಡುವ ಮೊದಲು ನೋಡಬೇಕಾದದ್ದು ಅದನ್ನು.

ಮೊಬೈಲ್‌ನಲ್ಲಿ ದೊರೆತ ಸಲಹೆಯ ಬಗ್ಗೆ ಸಂದೇಹವಿದ್ದಲ್ಲಿ ಪೀಡಿತ ಗಿಡದ ಮಾದರಿಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ರಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10 ಗಂಟೆಯವರೆಗೆ ಕನ್ನಡದಲ್ಲಿ ಸಲಹೆ ದೊರೆಯುತ್ತದೆ. ಕರೆ ಮಾಡುವಾಗ ಬೆಳೆಯ ಸ್ಥಳೀಯ ಹೆಸರು, ತಳಿ, ಬಿತ್ತಿದ ದಿನಾಂಕ ಮತ್ತು ಈಗಾಗಲೇ ಸಿಂಪಡಿಸಿರುವ ಔಷಧದ ವಿವರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು.