ಅಟ್ಟದ ಮೇಲಿನ ಲೆಕ್ಕ

ಹಳೆ ಮೈಸೂರು ಸೀಮೆಯಲ್ಲಿ ದಾರಿಗಳು ಕೂಡುವ ಕಡೆ ಊರುಗಳ ಹೆಸರು ಬರೆದ ಕೈಗಳನ್ನು ಚಾಚಿಕೊಂಡು ನಿಂತ ಕಂಬಕ್ಕೆ ಹ್ಯಾಂಡ್‌ಪೋಸ್ಟ್ ಎಂದು ಹೆಸರು. ಎಷ್ಟೋ ಕಡೆ ಆ ಹೆಸರೇ ಊರಿನ ಹೆಸರಿಗೂ ಅಂಟಿಕೊಂಡಿತು. ಅರಸೀಕೆರೆ ತಾಲ್ಲೂಕಿನ ಗಂಡಸಿ ಹ್ಯಾಂಡ್‌ಪೋಸ್ಟ್ ಅವುಗಳಲ್ಲಿ ಒಂದು. ಇಲ್ಲಿ ಬಸ್ ಇಳಿದವರ ಕಣ್ಣಿಗೆ ಯಾವ ದಿಕ್ಕಿಗೆ ತಿರುಗಿದರೂ ತೆಂಗೇ ಬೀಳುತ್ತದೆ. ಮದುವೆ, ಮನೆ ಕಟ್ಟುವುದು, ಮಗಳ ಕಾಲೇಜು, ಕೊಳವೆಬಾವಿಯ ಸಾಲ, ಎಲ್ಲದರ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಹತ್ತಿರ: ಈ ವಾರ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಎಷ್ಟು?

2023ರ ಕೊನೆಯಲ್ಲಿ ಆ ಪ್ರಶ್ನೆಗೆ ಸಿಗುತ್ತಿದ್ದ ಉತ್ತರ ಕೇಳಿದವರ ಎದೆ ಒಡೆಯುವಂತಿತ್ತು. ಕೇಂದ್ರ ಸರ್ಕಾರ ಆ ವರ್ಷ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಎಂಟು ಸಾವಿರದ ಆಸುಪಾಸು. ಕಾಯಿ ಕೆಡವಿದ ಕೂಲಿ, ಸುಲಿದ ಕೂಲಿ, ಗೊಬ್ಬರ, ಸಾಗಣೆ ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದೇನು ಎಂದು ಲೆಕ್ಕ ಹಾಕಲೂ ಬೆಳೆಗಾರರು ಹೆದರುತ್ತಿದ್ದ ಕಾಲ ಅದು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ತೆಂಗನ್ನು ಕಡಿದು ಅಡಿಕೆ ಹಾಕೋಣ ಎನ್ನುವ ಮಾತು ಕಟ್ಟೆಗಳ ಮೇಲೆ ಮೊದಲಿಗಿಂತ ಜೋರಾಗಿ ಕೇಳತೊಡಗಿತು.

ಒಂದೂವರೆ ವರ್ಷ ಕಳೆಯಿತು. 2025ರ ನಡುವೆ ಅದೇ ತಿಪಟೂರಿನಲ್ಲಿ ಅದೇ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿತು. ಮಾರಿ ಕೈತೊಳೆದುಕೊಂಡವರು ಹಣೆ ಹಣೆ ಬಡಿದುಕೊಂಡರು, ಅಟ್ಟದಲ್ಲಿ ಕಾಯಿ ಉಳಿಸಿಕೊಂಡವರು ಹಳೆ ಸಾಲ ತೀರಿಸಿದರು.

ಇದನ್ನು ಅದೃಷ್ಟದ ಕತೆ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಈ ಏರಿಕೆಯ ಕಾರಣಗಳಲ್ಲಿ ಬಹುಪಾಲು 2023ರಲ್ಲೇ ತೋಟದೊಳಗೆ ಇದ್ದವು. ನೋಡುವ ಕಣ್ಣನ್ನು ವಾರದ ಧಾರಣೆಯ ಪಟ್ಟಿಯಿಂದ ಮೇಲೆತ್ತಿ ಮರದ ಸುಳಿಯ ಕಡೆಗೆ ತಿರುಗಿಸಿದ್ದರೆ ಅವುಗಳಲ್ಲಿ ಕೆಲವನ್ನಾದರೂ ಓದಬಹುದಿತ್ತು.

ತೆಂಗಿನ ಕಾಲಮಾನವೇ ಬೇರೆ. ಹೊಂಬಾಳೆ ಬಿರಿದ ದಿನದಿಂದ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು, ಇದು ತೋಟ ಮಾಡುವವರಿಗೆಲ್ಲ ಗೊತ್ತು. ಅಷ್ಟಾಗಿ ಮಾತಿಗೆ ಬರದ ಸಂಗತಿ ಇನ್ನೊಂದಿದೆ. ಆ ಹೊಂಬಾಳೆ ಮರದ ಸುಳಿಯೊಳಗೆ ಕಣ್ಣಿಗೆ ಕಾಣದ ಮೊಳಕೆಯಾಗಿ ರೂಪುಗೊಳ್ಳುವುದು ಬಿರಿಯುವುದಕ್ಕೆ ಸುಮಾರು 32 ತಿಂಗಳು ಮೊದಲು. ಅಂದರೆ ಇವತ್ತು ಕೆಡವಿದ ಬಲಿತ ಕಾಯಿಯ ಹುಟ್ಟು ಸುಮಾರು 44 ತಿಂಗಳ ಹಿಂದಿನದು, ಹತ್ತಿರ ಹತ್ತಿರ ಮೂರು ಮುಕ್ಕಾಲು ವರ್ಷ. ಈ ದೀರ್ಘ ಹಾದಿಯಲ್ಲಿ ಎಲ್ಲಿ ನೀರು ತಪ್ಪಿದರೂ ಪೆಟ್ಟು ಬೀಳುತ್ತದೆ, ಆದರೆ ಆ ಪೆಟ್ಟು ಕಾಣುವುದು ಬಹಳ ತಡವಾಗಿ. ರಾಗಿ ಒಣಗಿದರೆ ಅದೇ ತಿಂಗಳು ಹೊಲ ಹೇಳುತ್ತದೆ. ತೆಂಗು ಬರವನ್ನು ಮೈಯೊಳಗೆ ಇಟ್ಟುಕೊಂಡು, ಮಳೆ ಬಂದು ಎಲ್ಲರೂ ಮರೆತ ಮೇಲೆ ಎರಡನೇ ಮೂರನೇ ವರ್ಷದಲ್ಲಿ ಹೇಳುತ್ತದೆ.

ಹಾಗಾಗಿ 2023ರ ಬರದ ಪೂರ್ತಿ ಲೆಕ್ಕ 2023ರಲ್ಲಿ ಸಿಗುವಂಥದ್ದಾಗಿರಲಿಲ್ಲ. 2024ರ ಏಪ್ರಿಲ್‌ ಬಿಸಿಲಿಗೆ ಹರಳು ಉದುರಿದ ಗೊನೆಗಳು 2025ರಲ್ಲಿ ಕಾಯಿ ಕೊಡಬೇಕಾಗಿದ್ದ ಗೊನೆಗಳು. ಇದರ ಜೊತೆಗೆ ಬಿಳಿನೊಣದ ಕಾಟ, ನಗರಗಳಲ್ಲಿ ಏರಿದ ಎಳನೀರಿನ ಬೇಡಿಕೆ. ಆರೇಳು ತಿಂಗಳ ಕಾಯಿಯನ್ನೇ ಕಿತ್ತು ಲಾರಿಗೆ ತುಂಬಿದರೆ ಅಟ್ಟಕ್ಕೆ ಏರಲು ಕಾಯಿ ಎಲ್ಲಿಂದ ಬರಬೇಕು? ಗಂಡಸಿಯ ಕಟ್ಟೆಯಿಂದ ಕಾಣದ ದೂರದಲ್ಲೂ ಇದೇ ನಡೆದಿತ್ತು. ಎಲ್ ನಿನೊ ತಂದ ಒಣಹವೆಯಿಂದ ಜಗತ್ತಿನ ಅತಿ ದೊಡ್ಡ ತೆಂಗಿನ ನಾಡುಗಳಾದ ಇಂಡೊನೇಷ್ಯಾ ಮತ್ತು ಫಿಲಿಪ್ಪೀನ್ಸ್‌ಗಳಲ್ಲೂ ಇಳುವರಿ ಕುಸಿಯಿತು, ಕೊಬ್ಬರಿ ಎಣ್ಣೆಯ ಬೆಲೆ ಲೋಕದ ತುಂಬ ಏರಿತು. ಮನಿಲಾದಲ್ಲಿ ಮಳೆ ತಪ್ಪಿದ್ದು ಅರಸೀಕೆರೆಯ ಅಂಗಳಕ್ಕೆ ಲಾಭವಾಗಿ ಬಂದು ಬಿತ್ತು. ಮುಂದೊಂದು ವರ್ಷ ಅಲ್ಲಿನ ಸಮೃದ್ಧಿ ಇಲ್ಲಿಗೆ ನಷ್ಟವಾಗಿ ಬರಲೂಬಹುದು.

ದಿನನಿತ್ಯದ ತೀರ್ಮಾನಗಳಲ್ಲಿ ವಿಶಾಲ ದೃಷ್ಟಿ ಇರಬೇಕು ಎನ್ನುವ ಮಾತನ್ನು ಉಪದೇಶವಾಗಿ ಕೇಳಿದಾಗ ಅದು ಗಾಳಿಯಲ್ಲಿ ತೇಲುವ ಮಾತಿನಂತೆ ಇರುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಮರದ ತೊಲೆ, ಬಿದಿರಿನ ಹಾಸು ಎರಡೂ ಇವೆ. ಅದರ ಹೆಸರು ಅಟ್ಟ.

ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣ ಭಾಗದ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಡೆದು ಒಣಗಿಸಿದ ಹೋಳು ಕೊಬ್ಬರಿಯಂಥದಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ನೆರಳಲ್ಲಿ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟದಿಂದ ಬಿಟ್ಟುಕೊಳ್ಳಬೇಕು, ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಟಲೊಟ ಸದ್ದು ಮಾಡಬೇಕು. ಅವಸರ ಮಾಡಿ ಬೇಗ ಸುಲಿದರೆ ತಿರುಳು ಕರಟಕ್ಕೆ ಅಂಟಿಕೊಂಡು ಒಡೆಯುತ್ತದೆ, ಉಂಡೆ ಹೋಗಿ ಚೂರಾಗುತ್ತದೆ, ಚೂರಿಗೆ ಬೆಲೆ ಇಲ್ಲ. ಇಲ್ಲಿಂದ ಉತ್ತರ ಭಾರತದ ಮದುವೆ, ಹಬ್ಬ, ಸಿಹಿತಿಂಡಿಗಳಿಗೆ ಹೋಗುವ ಈ ಗಿಟುಕಿನ ಬೆಲೆಯಲ್ಲಿ ಒಂದು ವರ್ಷದ ಕಾಯುವಿಕೆಯೂ ಸೇರಿದೆ. ಮನೆ ಕಟ್ಟುವಾಗಲೇ ಅಟ್ಟಕ್ಕೆ ಜಾಗ ಬಿಟ್ಟ ಹಿರಿಯರು ಈ ವಾರದ ಧಾರಣೆಗೆ ಮಣಿಯದ ಒಂದು ವ್ಯವಸ್ಥೆಯನ್ನೇ ಕಟ್ಟಿಟ್ಟಿದ್ದರು. ಬೆಲೆ ಬಿದ್ದ ವರ್ಷ ಏರಿಸಿದ ಕಾಯಿ ಬೆಲೆ ಎದ್ದ ವರ್ಷ ಕೆಳಗಿಳಿಯಬಹುದಾದ ವ್ಯವಸ್ಥೆ ಅದು. 2024ರಲ್ಲಿ ಅಟ್ಟಕ್ಕೆ ಹೋದ ಕಾಯಿಯ ವಿಷಯದಲ್ಲಿ ನಡೆದದ್ದು ಇದೇ.

ಆದರೆ ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ದೂರ ನೋಡುವುದು ಎಲ್ಲರಿಗೂ ಒಂದೇ ಸಮನಾಗಿ ಸಾಧ್ಯವಿಲ್ಲ. ಮೂವತ್ತು ಎಕರೆಯವರ ಅಟ್ಟ ತುಂಬಿರುವಾಗ ಒಂದೂವರೆ ಎಕರೆಯವರು ಮಗನ ಶುಲ್ಕ ಕಟ್ಟಲು ಹಸಿ ಕಾಯಿಯನ್ನೇ ಮಾರಬೇಕಾಗುತ್ತದೆ. ಅವರಿಗೆ ತೆಂಗಿನ ಜಾತಕ ಗೊತ್ತಿಲ್ಲವೆಂದಲ್ಲ, ಕಂತು ಕಟ್ಟುವ ತಾರೀಖು ಕಾಯುವುದಿಲ್ಲ. ಅಂಥವರಿಗೆ ತಾಳ್ಮೆಯ ಪಾಠ ಹೇಳುವುದು ಕ್ರೌರ್ಯ. ಅವರಿಗೆ ಬೇಕಾದದ್ದು ತಾಳಿಕೊಳ್ಳಲು ಆಸರೆ. ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ ಉತ್ಪನ್ನವನ್ನು ಗೋದಾಮಿನಲ್ಲಿಟ್ಟು ಅದರ ಮೇಲೆ ಹಣ ಪಡೆಯುವ ಅಡಮಾನ ಸಾಲದ ಯೋಜನೆ ಹಿಂದಿನಿಂದಲೂ ಇದೆ. ಅದು ಸಣ್ಣ ಹಿಡುವಳಿದಾರರ ಮನೆ ಬಾಗಿಲಿಗೆ ತಲುಪಿದರೆ ಅಟ್ಟವಿಲ್ಲದವರಿಗೂ ಒಂದು ಅಟ್ಟ ಸಿಕ್ಕಿದಂತೆ.

ದೂರ ನೋಡಬೇಕೆಂಬ ಮಾತು ಸರ್ಕಾರದ ಖರೀದಿಗೂ ಸಲ್ಲುತ್ತದೆ. 2024ರ ಹಂಗಾಮಿಗೆ ಕೇಂದ್ರ 12,000 ರೂಪಾಯಿ ಬೆಂಬಲ ಬೆಲೆ ಕೊಟ್ಟಿತು, ರಾಜ್ಯ ಅದರ ಮೇಲೆ 1,500 ಸೇರಿಸಿತು. ಕುಸಿದ ಮಾರುಕಟ್ಟೆಯಲ್ಲಿ ಇದು ನಿಜವಾದ ಆಸರೆ. ಆದರೆ ಫೆಬ್ರುವರಿಯಲ್ಲಿ ಶುರುವಾದ ನೋಂದಣಿ ಕೆಲವೇ ದಿನಗಳಲ್ಲಿ ಮುಗಿದು, ಅಕ್ರಮದ ದೂರುಗಳು ಬಂದು, ರದ್ದಾಗಿ, ಮಾರ್ಚ್‌ನಲ್ಲಿ ಮತ್ತೆ ನಡೆಯಿತು. ಆಧಾರ್, ಪಹಣಿ ಹಿಡಿದು ರಾತ್ರಿಯಿಡೀ ಸರದಿಯಲ್ಲಿ ಕೂತವರು ಹಳ್ಳಿ ಹಳ್ಳಿಗಳಿಂದ ಬಂದ ಬೆಳೆಗಾರರು. ಒಂದು ವರ್ಷ ಮುಂಚೆಯೇ ಅಟ್ಟ ಸೇರಿದ ಕಾಯಿಯ ಪ್ರಮಾಣವನ್ನು ಅಂದಾಜು ಮಾಡುವುದು ಕಷ್ಟದ ಕೆಲಸವೇನಲ್ಲ. ತೆಂಗು ಯಾರ ಕಣ್ಣಿಗೂ ಬೀಳದಂತೆ ರಾತ್ರೋರಾತ್ರಿ ಬೆಳೆದು ಬರುವ ಬೆಳೆಯಲ್ಲ. ಬೆಲೆ ನೆಲಕ್ಕೆ ಬಿದ್ದ ಮೇಲೆ ಖರೀದಿ ಕೇಂದ್ರದ ಯೋಚನೆ ಶುರುವಾದರೆ ಬಡವರ ಕೊಬ್ಬರಿ ಅಷ್ಟರಲ್ಲಿ ವರ್ತಕರ ಗೋದಾಮು ಸೇರಿರುತ್ತದೆ.

ಕಾಲದಲ್ಲಿ ಮುಂದೆ ನೋಡುವುದು ಒಂದಾದರೆ ಬೇಲಿಯಾಚೆ ನೋಡುವುದು ಇನ್ನೊಂದು. ಕಪ್ಪುತಲೆ ಹುಳುವಿನ ಹಾವಳಿ ಕಂಡವರಿಗೆ ಇದು ಗೊತ್ತು. ಒಬ್ಬರು ತಮ್ಮ ತೋಟದ ಬಾಧಿತ ಗರಿಗಳನ್ನು ಕತ್ತರಿಸಿ ಸುಟ್ಟರೂ ಪಕ್ಕದ ತೋಟದ ಪತಂಗ ಬೇಲಿ ನೋಡಿ ನಿಲ್ಲುವುದಿಲ್ಲ. ಹುಳುವಿನ ಮರಿಗಳನ್ನೇ ತಿಂದು ಬದುಕುವ ಪರೋಪಜೀವಿ ಕೀಟಗಳನ್ನು ಬಿಡುವ ಕ್ರಮ ಫಲ ಕೊಡುವುದು ಊರಿನ ತೋಟಗಳಿಗೆಲ್ಲ ಒಟ್ಟಿಗೆ ಬಿಟ್ಟಾಗ. ಬಿಳಿನೊಣದ್ದೂ ಇದೇ ಕತೆ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಾಣಿಸಿಕೊಂಡು ದಕ್ಷಿಣದ ತೋಟಗಳಿಗೆಲ್ಲ ಹಬ್ಬಿದ ಈ ಸುರುಳಿ ಬಿಳಿನೊಣಕ್ಕೆ ವಿಷ ಸಿಂಪಡಿಸಬೇಡಿ ಎಂದು ತಜ್ಞರು ಹೇಳುತ್ತಾ ಬಂದಿದ್ದಾರೆ. ಅದನ್ನು ಹತೋಟಿಯಲ್ಲಿಡುವ ಎನ್ಕಾರ್ಸಿಯಾ ಎಂಬ ಚಿಕ್ಕ ಕಣಜ ಅದರ ಬೆನ್ನಿಗೇ ಬಂದು ಸೇರಿಕೊಂಡಿದೆ, ವಿಷ ಮೊದಲು ಕೊಲ್ಲುವುದು ಅದನ್ನೇ. ಗರಿ ಕಪ್ಪಾಗಿ ಮಸಿ ಹಿಡಿದಾಗ ಕೈಕಟ್ಟಿ ಕೂರುವುದು ಯಾವ ಬೆಳೆಗಾರರಿಗೂ ಕಷ್ಟವೇ. ಅಂಗಡಿಯಿಂದ ಡಬ್ಬಿ ತಂದು ಹೊಡೆದರೆ ಏನೋ ಮಾಡಿದ ಸಮಾಧಾನ ಸಿಗುತ್ತದೆ. ಆ ಒಂದು ದಿನದ ಸಮಾಧಾನಕ್ಕೆ ತೋಟ ವರ್ಷಗಟ್ಟಲೆ ಬೆಲೆ ಕೊಡುತ್ತದೆ.

ನೀರಿನ ವಿಷಯದಲ್ಲಂತೂ ಬೇಲಿ ಎಂಬುದೇ ಸುಳ್ಳು. ಒಂದೇ ಹಾಸನ ಜಿಲ್ಲೆಯೊಳಗೆ ಸಕಲೇಶಪುರದಲ್ಲಿ 2,000 ಮಿಲಿಮೀಟರ್ ಮೀರಿ ಮಳೆ ಸುರಿದರೆ ಅರಸೀಕೆರೆಯಲ್ಲಿ 700 ಮುಟ್ಟುವುದೂ ಕಷ್ಟ. ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಅರಸೀಕೆರೆಯ ಹೆಸರು ಬರುತ್ತಲೇ ಇದೆ, ಆಳದ ನೀರಿನಲ್ಲಿ ಫ್ಲೋರೈಡ್ ಇದೆ. ಒಬ್ಬರ ಕೊಳವೆಬಾವಿ ಬತ್ತಿತೆಂದು ನೂರಡಿ ಹೆಚ್ಚು ಕೊರೆಸಿದರೆ ಪಕ್ಕದವರದು ಬತ್ತುತ್ತದೆ, ಅವರು ಇನ್ನೂರಡಿ ಹೆಚ್ಚು ಕೊರೆಸುತ್ತಾರೆ. ಇಬ್ಬರ ಸಾಲವೂ ಬೆಳೆಯುತ್ತದೆ, ನೀರು ಮಾತ್ರ ಅಷ್ಟೇ ಇರುತ್ತದೆ. ಬೇಸಿಗೆಯುದ್ದಕ್ಕೂ ನೀರು ಬೇಡುವ ಅಡಿಕೆಯನ್ನು ಇಂಥ ನೆಲಕ್ಕೆ ತರುವ ಮುನ್ನ ಕೇಳಬೇಕಾದದ್ದು ಅಡಿಕೆಯ ಇವತ್ತಿನ ಧಾರಣೆಯನ್ನಲ್ಲ, ಹತ್ತು ವರ್ಷದ ಆಚೆ ತನ್ನ ಕೊಳವೆಬಾವಿಯಲ್ಲಿ ನೀರು ಇರುತ್ತದೆಯೇ ಎಂಬುದನ್ನು.

ಈ ನೆಲದ ಹಿಂದಿನವರು ನೀರನ್ನು ನೋಡಿದ ಬಗೆ ಬೇರೆ. ಅರಸೀಕೆರೆ ಎಂಬ ಹೆಸರೇ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಬಂದದ್ದು. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಅದೂ ಕೆರೆಯ ಹೆಸರೇ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ನಾಡೆಲ್ಲ ಹಿಗ್ಗಿತು, ಹಿಗ್ಗಬೇಕಾದದ್ದೇ. ಆದರೆ ಆ ಶಿಲ್ಪಗಳ ಹಿಂದೆ ನಿಂತಿದ್ದ ಕೆರೆಗಳ ಜಾಲಕ್ಕೆ ಆ ಹಿಗ್ಗಿನಲ್ಲಿ ಪಾಲು ಸಿಕ್ಕಿದ್ದು ಕಡಿಮೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುವಂತೆ ಒಂದರ ಕೆಳಗೊಂದು ಕಟ್ಟಿದ ಸರಣಿಯಲ್ಲಿ ಒಂದು ಊರು ತನ್ನ ಕೆರೆಯ ಹೂಳು ತೆಗೆಯದಿದ್ದರೆ ಕೆಳಗಿನ ಊರೂ ಸೊರಗುತ್ತಿತ್ತು. ಕೆರೆ ಕಟ್ಟಿಸಿ ಕಾಪಾಡಿದವರಿಗೆ ಬಿಟ್ಟ ಜಮೀನಿನ ಲೆಕ್ಕ ಕನ್ನಡದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಲ್ಲಿ ಸಿಗುತ್ತದೆ. ಕಟ್ಟಿದ ದಿನದ ಖರ್ಚಿನ ಜೊತೆಗೆ ಮುಂದಿನ ತಲೆಮಾರುಗಳ ದುರಸ್ತಿಗೂ ಅಂದೇ ಹಣ ತೆಗೆದಿಟ್ಟ ಆಡಳಿತ ಅದು. ಇವತ್ತು ಕೆರೆಗೆ ಅಭಿವೃದ್ಧಿಯ ಅನುದಾನ ಬಂದಾಗ ಏರಿಯ ಮೇಲೆ ನಡಿಗೆ ಹಾದಿ, ದೀಪದ ಕಂಬ ಬರುತ್ತವೆ. ತೂಬು ಸೋರುತ್ತಲೇ ಇರುತ್ತದೆ, ನೀರು ಬರುವ ಹಳ್ಳ ಒತ್ತುವರಿಯಾಗಿರುತ್ತದೆ.

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಬೆಲೆ ಏರಿದಾಗಲೆಲ್ಲ ಜನ ನೆನೆಯುತ್ತಾರೆ. ಸಿಕ್ಕಾಗ ಬಾಚಿಕೋ ಎಂಬ ಅರ್ಥದಲ್ಲೇ ಅದು ಹೆಚ್ಚು ಚಲಾವಣೆಯಲ್ಲಿದೆ. ಕಣದಲ್ಲಿ ನಿಂತು ನೋಡಿದರೆ ಅದರಲ್ಲಿ ಬೇರೆ ಅರ್ಥ ಕಾಣುತ್ತದೆ. ಗಾಳಿ ಬಂದಾಗ ತೂರಬೇಕಾದರೆ ಅಷ್ಟರೊಳಗೆ ಕೊಯ್ದು, ಮೆದೆ ಹಾಕಿ, ಗುಂಡು ಹೊಡೆದು, ರಾಶಿ ಸಿದ್ಧವಿರಬೇಕು. 2025ರಲ್ಲಿ ಗಾಳಿ ಬೀಸಿತು. ತೂರಿಕೊಂಡವರು ಎಂಟು ಸಾವಿರದ ಕಾಲದಲ್ಲೂ ಮರದ ಬುಡಕ್ಕೆ ಗೊಬ್ಬರ ಹಾಕಿದವರು, ಒಣಗಿದ ಗರಿ ಹೊದಿಸಿ ತೇವ ಉಳಿಸಿಕೊಂಡವರು, ತೆಂಗಿನ ನಡುವೆ ಅವರೆ, ಹುರುಳಿ ಬಿತ್ತಿ, ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡು ವಾರದ ಖರ್ಚನ್ನು ಹಾಲಿನ ಡೇರಿಯಿಂದ ತೂಗಿಸಿದವರು.

ಬೆಲೆ ಏರಿದ್ದೇ ತಡ ತೆಂಗಿನ ಸಸಿಗಳಿಗೆ ಬೇಡಿಕೆ ಬಂತು. ಎಂಟು ಸಾವಿರಕ್ಕೆ ಮರ ಕಡಿಯುವ ಯೋಚನೆ ಎಷ್ಟು ಅವಸರದ್ದೋ ಇಪ್ಪತ್ತೈದು ಸಾವಿರ ಸಿಗುತ್ತದೆಂದು ರಾಗಿ ಹೊಲಕ್ಕೆಲ್ಲ ಸಸಿ ಇಡುವ ಯೋಚನೆಯೂ ಅಷ್ಟೇ ಅವಸರದ್ದು. ಈಗ ನೆಟ್ಟ ತಿಪಟೂರು ಎತ್ತರ ತಳಿಯ ಸಸಿ ಚೆನ್ನಾಗಿ ಫಲ ಕೊಡಲು ಏಳೆಂಟು ವರ್ಷ, ಅದರ ಕಾಯಿ ಅಟ್ಟದಿಂದ ಇಳಿಯಲು ಇನ್ನೊಂದು ವರ್ಷ, ಆಮೇಲೆ ಅರವತ್ತು ಎಪ್ಪತ್ತು ವರ್ಷದ ಬಾಳು. ಇವತ್ತಿನ ಧಾರಣೆಗೂ ಆ ಬಾಳಿಗೂ ಹೆಚ್ಚಿನ ಸಂಬಂಧವಿಲ್ಲ. ನೀರು, ಮಣ್ಣು, ಮರಗಳ ನಡುವಿನ ಅಂತರ, ಇವುಗಳಿಗೆ ಸಂಬಂಧವಿದೆ.

ಅನುಭವಿಗಳು ಗುಂಡಿಯಿಂದ ಗುಂಡಿಗೆ ಇಪ್ಪತ್ತೈದರಿಂದ ಮೂವತ್ತು ಅಡಿ ಅಳೆಯುತ್ತಾರೆ. ಮೊಣಕಾಲೆತ್ತರದ ಸಸಿಗಳ ನಡುವೆ ಅಷ್ಟು ಜಾಗ ಬಯಲಾಗಿ ಕಾಣುವಾಗ ಇನ್ನೊಂದು ಸಾಲು ತೂರಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಹಗ್ಗದ ಒಂದು ತುದಿ ಹಿಡಿದ ಮಗ ಹತ್ತಿರ ಸರಿಯುತ್ತಾನೆ, ಇನ್ನೊಂದು ತುದಿ ಹಿಡಿದ ಅಪ್ಪ ಹಿಂದಕ್ಕೆ ಹೋಗು ಎನ್ನುತ್ತಾನೆ. ಆ ಬಯಲಿಗೆ ಮುಂದಿನ ಮಳೆಗೆ ಹುರುಳಿ ಬೀಳುತ್ತದೆ.